ಕುದುರೆ ಸವಾರನ ಹಣೆಗೆ ಇಟ್ಟ ಕುಂಕುಮ

ಆಗ ನನಗೆ ಐವತ್ತೆರಡು. ಇಪ್ಪತ್ತೆಂಟು ವರ್ಷವಾಯಿತು. ಚಿತ್ರ ಹಾಳು ಮಾಡಿದವಳು ನಾನು, ಏಟು ತಿಂದವಳು ರೋಸಲಿನ್. ಏಟು ಬೀಳುವಾಗ ಅವಳ ಕೈಗಳನ್ನು ಹಿಂದಿನಿಂದ ಹಿಡಿದುಕೊಂಡಿದ್ದವಳೂ ನಾನೇ. ಎರಡನೇ ಕ್ಲಾಸಿನವರೆಗೆ ಕಲಿತ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಇರಲಿ.

ಸಿಂಗಾಪುರದ ಟ್ಯಾಂಪಿನೀಸ್‌ನಲ್ಲಿ ಅಕ್ಕನ ಮಗನ ಮನೆ. ಗಂಡ ಸತ್ತ ಮೇಲೆ ಉಡುಪಿಯಲ್ಲಿ ತಮ್ಮನ ಹೆಂಡತಿ ನನ್ನ ಚಾಪೆಯನ್ನು ಅಂಗಳಕ್ಕೆ ಎಸೆದಿದ್ದಳು; ಇವನು ಕರೆಸಿಕೊಂಡ. ಅಡುಗೆ ನನ್ನದು. ಉಳಿದ ಕೆಲಸಕ್ಕೆ ಶ್ರೀಲಂಕಾದ ಹುಡುಗಿ ರೋಸಲಿನ್. ಅವನ ಹೆಂಡತಿ ಶಾಲಿನಿ ಮೊದಲೇ ಹೇಳಿಬಿಟ್ಟಿದ್ದಳು — “ಇನ್ನೊಂದ್ಸಲ ನನ್ನ ವಸ್ತು ಮುಟ್ಟಿದ್ರೆ ಊರಿಗೆ ಟಿಕೆಟ್ ಬುಕ್ ಮಾಡ್ತೀನಿ, ಚಿಕ್ಕಮ್ಮ.”

ಶಾಲಿನಿಯ ಪ್ರಾಣವೆಲ್ಲ ಒಂದು ಚಿತ್ರದಲ್ಲಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಕಾಗದಕ್ಕೆ ಒತ್ತಿದ್ದು, ನಾನೂರು ವರ್ಷ ಹಳೆಯದು. ನಾಲ್ವರು ಕುದುರೆ ಸವಾರರು. ಗೊರಸಿನ ಕೆಳಗೆ ಬಾಯಿ ತೆರೆದ ಹೆಂಗಸರು. ಬೈಬಲಿನಲ್ಲಿ ಲೋಕ ಮುಗಿಯುವ ದಿನ ಅದು ಎಂದು ರೋಸಲಿನ್ ಹೇಳಿದ್ದಳು. ನಾನು ಕೇಳಲಿಲ್ಲ. ಕುದುರೆ ಮೇಲೆ ಕತ್ತಿ ಎತ್ತಿದವನು ನನಗೆ ಕಲ್ಕಿಯೇ.

ಗಾಜಿನೊಳಗೆ ಬೂಷ್ಟು ಬಂತೆಂದು ಶಾಲಿನಿ ಚೌಕಟ್ಟು ಬಿಚ್ಚಿ, ಚಿತ್ರವನ್ನು ಊಟದ ಮೇಜಿನ ಮೇಲೆ ಗಾಳಿಗಿಟ್ಟು ಆಫೀಸಿಗೆ ಹೋದಳು. ಅಂದು ಶುಕ್ರವಾರ. ದೇವರ ಪಟಗಳಿಗೆ ಕುಂಕುಮ ಇಟ್ಟವಳು ಆ ಕತ್ತಿಯ ಸವಾರನ ಹಣೆಗೂ ಇಟ್ಟೆ. ಬೆರಳು ಒದ್ದೆಯಾಗಿತ್ತು — ಕೆಂಪು ಹರಡಿತು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ. ಸವಾರನ ತಲೆಯೇ ಬಟ್ಟೆಗಂಟಿ ಬಂತು.

ಸಂಜೆ ಶಾಲಿನಿ ಬಂದು ನೋಡಿದಳು. ದನಿ ಏರಿಸಲಿಲ್ಲ.

“ಯಾರು?”

ನನ್ನ ಕಣ್ಣಿಗೆ ಅಂಗಳದಲ್ಲಿ ಬಿದ್ದ ಚಾಪೆ ಬಂತು. ರೋಸಲಿನ್ ಬಾಗಿಲಲ್ಲಿ ನಿಂತಿದ್ದಳು. ಹೋದ ಭಾನುವಾರ ಚರ್ಚಿಗೆಂದು ಹಚ್ಚಿಕೊಂಡ ಕೆಂಪು ಉಗುರುಬಣ್ಣ ಇನ್ನೂ ಅವಳ ಬೆರಳಲ್ಲಿತ್ತು.

“ಇವಳೇ. ಉಗುರು ನೋಡು” ಎಂದೆ.

“ನೋ ಲಾ, ಮೇಡಂ. ಆಂಟಿ, ಯೂ ಟೆಲ್ ಲಾ —” ರೋಸಲಿನ್ ಸಿಂಗಾಪುರದವರ ಇಂಗ್ಲಿಷಿನಲ್ಲಿ ಅಂದಳು.

“ಕೈಯೋ ಕೊಡಲಿಯೋ ನಿಂದು?” ಎಂದ ಶಾಲಿನಿ ಖಾಲಿ ಚೌಕಟ್ಟನ್ನು ಎತ್ತಿದಳು. ಭಾರದ ಮರ. ಮೊದಲ ಏಟು ಭುಜಕ್ಕೆ. ಹುಡುಗಿ ಕೈ ಅಡ್ಡ ತಂದಳು, ಮಣಿಕಟ್ಟು ಕಟಕ್ಕೆಂದಿತು. “ಹಿಡ್ಕೊಳ್ಳಿ ಚಿಕ್ಕಮ್ಮ” ಎಂದಳು ಶಾಲಿನಿ. ಹಿಡಿದೆ. ಮುರಿದ ಕೈ ಎಂದು ಗೊತ್ತಿದ್ದೂ ಹಿಡಿದೆ. ಚೌಕಟ್ಟಿನ ಮೂಲೆ ನೆತ್ತಿಗೆ ಬಿತ್ತು. ಮತ್ತೊಮ್ಮೆ. ಬಿಸಿ ರಕ್ತ ನನ್ನ ಗಲ್ಲಕ್ಕೆ ಚಿಮ್ಮಿತು. ಅವಳು ಕೂಗುವುದನ್ನು ನಿಲ್ಲಿಸಿದ ಮೇಲೂ ನಾನು ಬಿಡಲಿಲ್ಲ — ಬಿಟ್ಟರೆ ತಿರುಗಿ ನನ್ನ ಮುಖ ನೋಡುತ್ತಾಳಲ್ಲ ಎಂದು.

ಅವಳು ಈಗ ಬದುಕಿದ್ದಾಳೋ ಇಲ್ಲವೋ, ನಾನು ವಿಚಾರಿಸಲಿಲ್ಲ. ವಿಚಾರಿಸಬಹುದಿತ್ತು.

ಮರುದಿನ ಬೆಳಿಗ್ಗೆ ಅವಳನ್ನು ವಿಮಾನ ಹತ್ತಿಸಲು ಕೆಳಗೆ ಟ್ಯಾಕ್ಸಿ ಬಂದಿತ್ತು. ಒಂದೇ ಕೈಯಲ್ಲಿ ತಲೆ ಬಾಚಲು ಅವಳಿಗಾಗಲಿಲ್ಲ. ನಾನು ಸ್ಟೂಲಿನ ಮೇಲೆ ಕೂರಿಸಿ, ಒಣಗಿದ ರಕ್ತವನ್ನು ಎಣ್ಣೆ ಹಾಕಿ ಬಿಡಿಸಿದೆ. “ಸ್ಲೋ ಲಾ, ಆಂಟಿ” ಎಂದಳು, ಅಷ್ಟೇ. ಏರ್‌ಪೋರ್ಟಿನಲ್ಲಿ ಯಾರಿಗೂ ಗಾಯ ಕಾಣದ ಹಾಗೆ, ಅದರ ಮೇಲೆಯೇ ಬಿಗಿಯಾಗಿ ಜಡೆ ಹೆಣೆದೆ.