ಹಸನಸಾಬರ ಬ್ಯಾಂಡು

ಮೊಮ್ಮಗನ ಅಂಗಿಯ ಎದೆಯ ಮೇಲೆ ಉದ್ದ ಕೂದಲಿನ ಗಂಡಸರು ಸಾಲಾಗಿ ನಿಂತಿದ್ದಾರೆ. ಹೆವಿ ಮೆಟಲ್ ಬ್ಯಾಂಡಂತೆ. ಹಾಡುವವನು ಬದಲಾದ, ಡ್ರಮ್ಮಿನವನು ಸತ್ತ, ಇನ್ನೊಬ್ಬ ಜಗಳವಾಡಿ ಬಿಟ್ಟುಹೋದ, ಆದರೂ ಬ್ಯಾಂಡು ಅದೇ ಎಂದು ಅವನು ಹೆಮ್ಮೆಯಿಂದ ವಿವರಿಸಿದ. ಎಲ್ಲರೂ ಬದಲಾದ ಮೇಲೆ ಅದೇ ಹೇಗಾಗುತ್ತದೆ ಎಂದು ನಾನು ಕೇಳಲಿಲ್ಲ. ಒಂದು ಕಾಲಕ್ಕೆ ನಾನೂ ಲೋಹದ ಬ್ಯಾಂಡಿನಲ್ಲಿದ್ದವನೇ. ನಮ್ಮದು ಹಿತ್ತಾಳೆ, ಭಾರಕ್ಕೇನೂ ಕಡಿಮೆಯಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಲಕ್ಷ್ಮೇಶ್ವರದ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಲಗ್ನದ ಹಂಗಾಮು ಬಂತೆಂದರೆ ಕೆಂಪು ಕೋಟು ತೊಟ್ಟು ಹಸನಸಾಬರ ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುತ್ತಿದ್ದೆ. ಆಗ ನಾನೆಷ್ಟು ಸಣಕಲನೆಂದರೆ, ಎದುರಿಗೆ ಬಂದವರಿಗೆ ಡ್ರಮ್ಮಿಗೇ ಕಾಲು ಮೂಡಿದಂತೆ ಕಾಣುತ್ತಿತ್ತಂತೆ. ನನ್ನ ಕಲೆಯ ಬಗ್ಗೆ ಊರಿನಲ್ಲಿ ಉಳಿದಿರುವ ಅಭಿಪ್ರಾಯ ಅದೊಂದೇ.

ಬ್ಯಾಂಡಿನ ಜೀವವೆಂದರೆ ಕ್ಲಾರಿಯೋನೆಟ್. ಅದನ್ನು ನುಡಿಸುತ್ತಿದ್ದವನು ಹಸನಸಾಬರ ತಮ್ಮ ಮೆಹಬೂಬ. ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹೊತ್ತಿಗೆಂದು ಅವನೇ ಒಂದು ರಾಗ ಕಟ್ಟಿದ್ದ. ಅದರ ಕೊನೆಗೆ ನಾವೆಲ್ಲ ನಿಲ್ಲಿಸುತ್ತಿದ್ದೆವು, ಅವನೊಬ್ಬ ಮಾತ್ರ ಒಂದು ಸ್ವರ ಹಿಡಿಯುತ್ತಿದ್ದ. ಆ ಸ್ವರ ಸಣ್ಣಗೆ ಎಳೆದು, ತುದಿಯಲ್ಲಿ ತುಸು ಮೇಲೇರಿ, ತಟ್ಟನೆ ನಿಲ್ಲುತ್ತಿತ್ತು. ಗಟ್ಟಿ ಗುಂಡಿಗೆಯ ಗಂಡಸರೂ ಆಗ ಮುಖ ಆಚೆ ತಿರುಗಿಸುತ್ತಿದ್ದರು. ಹಸನಸಾಬರ ಮನೆಯ ಪಡಸಾಲೆಯಲ್ಲಿ ನಮ್ಮ ತಾಲೀಮು ನಡೆಯುವಾಗ ಅಣ್ಣತಮ್ಮರ ತಾಯಿ ಬೀಬಿಮ್ಮ ಪರದೆಯ ಹಿಂದೆ ಕೂತು ಕೇಳುತ್ತಿದ್ದಳು.

ಮೆಹಬೂಬ ಕಾಮಾಲೆಯಿಂದ ಸತ್ತ. ಇನ್ನೂ ಲಗ್ನವಾಗಿರಲಿಲ್ಲ. ಒಂದು ಹಂಗಾಮು ನಾವು ಕೋಟು ಮುಟ್ಟಲಿಲ್ಲ. ಆಮೇಲೆ ಅಂತೂರ ಬೆಂತೂರದಿಂದ ಶಿವಪ್ಪ ಎಂಬುವನು ಬಂದ. ಅವನು ಮೆಹಬೂಬನನ್ನು ಕಂಡವನೂ ಅಲ್ಲ, ಕೇಳಿದವನೂ ಅಲ್ಲ. ಹಸನಸಾಬರು ಅವನಿಗೆ ಆ ರಾಗವನ್ನು ಎಲ್ಲರೂ ನಿಲ್ಲಿಸುವ ತನಕವಷ್ಟೇ ಕಲಿಸಿದರು. ಕೊನೆಯದು ತಮ್ಮನದು, ಅವನ ಸಂಗಡ ಹೋಯಿತು ಎಂದರು.

ಮಧ್ಯಾಹ್ನದ ತಾಲೀಮು. ರಾಗ ಮುಗಿಯಿತು, ನಾವು ನಿಲ್ಲಿಸಿದೆವು. ಶಿವಪ್ಪ ನಿಲ್ಲಿಸಲಿಲ್ಲ. ಅದೇ ಸ್ವರ, ತುದಿಯ ಅದೇ ಏರು. ನನ್ನ ಕೈಯ ಕೋಲು ಜಾರಿ ಬಿತ್ತು.

"ಇದನ್ನ ಯಾರು ಕಲಿಸಿದ್ರು ನಿನಗ?" ಹಸನಸಾಬರು ಕೇಳಿದರು.

"ಯಾರೂ ಇಲ್ರಿ. ಉಸುರು ಇನ್ನೂ ಉಳದಿತ್ತು, ತಾನ ಹೋತು," ಎಂದ ಅವನು, ತುಟಿ ಒರೆಸಿಕೊಳ್ಳುತ್ತ.

ಪರದೆಯ ಹಿಂದಿನಿಂದ ಬೀಬಿಮ್ಮನ ದನಿ ಬಂತು. "ಹಸನ್, ನಿನ್ನ ತಮ್ಮಗ ಚಾ ಕೊಡಪಾ."

ಮುದುಕಿಗೆ ದುಃಖದಲ್ಲಿ ಹಾಗನಿಸಿರಬೇಕು ಎಂದು ನಾವು ಮಾತಾಡಿಕೊಂಡೆವು. ಶಿವಪ್ಪ ಗದಗಿನಲ್ಲಿ ನೌಕರಿ ಸಿಕ್ಕಿ ಹೋದ, ಬೆಟಗೇರಿಯ ನೇಕಾರರ ಹುಡುಗನೊಬ್ಬ ಬಂದ. ಅವನಲ್ಲೂ ಅದೇ ಆಯಿತು. ತುತ್ತೂರಿಯವರು ಬದಲಾದರು, ತಾಳದವರು ಬದಲಾದರು, ಸತ್ತವರ ಕೋಟಿನಲ್ಲಿ ಹೊಸಬರು ಬಂದು ನಿಂತರು. ಕ್ಲಾರಿಯೋನೆಟ್ ಯಾರ ಬಾಯಲ್ಲಿದ್ದರೂ ಕೊನೆಗೆ ಮೆಹಬೂಬ ಬರುತ್ತಿದ್ದ. ಶಿರಹಟ್ಟಿಯ ಯಲ್ಲಪ್ಪ ಧೈರ್ಯಸ್ಥ. ನಿಲ್ಲಿಸಿಯೇ ತೋರಿಸುತ್ತೇನೆಂದು ಒಂದು ಲಗ್ನದಲ್ಲಿ ವಾದ್ಯವನ್ನು ಬಾಯಿಂದ ಕಿತ್ತ. ಮರುದಿನ ಕೋಟು ಮಡಿಚಿ ತಂದುಕೊಟ್ಟ.

"ಬಾಯಿಂದ ತಗದ ಮ್ಯಾಲೂ ಬರಾಕತ್ತಿತ್ರಿ," ಎಂದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಅವನು ಹೇಳಿದ್ದು ಖರೆ.

ಹಸನಸಾಬರು ಅಂಜಿ, ಆ ರಾಗವನ್ನೇ ಬಿಟ್ಟುಬಿಡೋಣ ಅಂದರು. ಬೀಬಿಮ್ಮ ಊಟ ಬಿಟ್ಟಳು. ಅವ ಮತ್ತೆಲ್ಲಿಗೆ ಬರಬೇಕು ಎಂದು ಮಗನನ್ನು ಕೇಳಿದಳಂತೆ. ರಾಗ ಮುಂದುವರಿಯಿತು.

ಎಂಬತ್ತರ ದಶಕದಲ್ಲಿ ಬೀಬಿಮ್ಮ ತೀರಿಕೊಂಡಳು. ಅವರಲ್ಲಿ ಮಯ್ಯತ್ತಿಗೆ, ಹೆಣ ಒಯ್ಯುವಾಗ, ವಾದ್ಯವಿಲ್ಲ. ಬ್ಯಾಂಡಿನವರೆಲ್ಲ ಬರಿಗೈಯಲ್ಲಿ ಹಿಂದೆ ನಡೆದೆವು. ಹಾಡಹಗಲು, ಬಿಸಿಲು ಚುರುಗುಟ್ಟುತ್ತಿತ್ತು. ಓಣಿಯ ತಿರುವಿನಲ್ಲಿ, ನಾವು ಬಿಟ್ಟುಬಂದ ಮನೆಯ ಕಡೆಯಿಂದ ಆ ಸ್ವರ ಕೇಳಿತು. ಕ್ಲಾರಿಯೋನೆಟ್ ಟ್ರಂಕಿನಲ್ಲಿತ್ತು, ಟ್ರಂಕಿನ ಕೀಲಿ ಹಸನಸಾಬರ ಕಿಸೆಯಲ್ಲಿತ್ತು. ಹೆಗಲು ಕೊಟ್ಟಿದ್ದ ಅವರ ಹೆಜ್ಜೆ ಒಮ್ಮೆ ತಪ್ಪಿತು. ಅವರು ಹಿಂತಿರುಗಿ ನೋಡಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು. "ನಿಮಗೂ ಕೇಳಿಸ್ತೇನ್ರಿ?"

ಹೌದು ಎಂದೆ.

"ಹಂಗಾರ ಆತು," ಎಂದು ಕಣ್ಣೊರೆಸಿಕೊಂಡರು.

ಬ್ಯಾಂಡು ಇನ್ನೂ ಕೆಲವು ವರ್ಷ ನಡೆಯಿತು. ಆದರೆ ಆ ಸ್ವರ ಮತ್ತೆ ಬರಲಿಲ್ಲ. ಕಡೆಕಡೆಗೆ ಹಸನಸಾಬರೇ ಕೂತು ಅದನ್ನು ಕಲಿಸಲು ಹೋದರು. ಒಳ್ಳೆಯ ಕಲಾವಿದರೇ ಇದ್ದರು, ಎಷ್ಟು ಮಾಡಿದರೂ ಅದು ಬರೀ ಪೀಪಿಯ ಸದ್ದಾಗುತ್ತಿತ್ತು.

ಇವತ್ತು ಮೊಮ್ಮಗ ಆಚೆ ಹೋದ ಮೇಲೆ ಹೆಂಡತಿಯನ್ನು ಕೇಳಿದೆ. ಅವಳು ಮುಂಡರಗಿಯವಳು. ನಮ್ಮ ಲಗ್ನದಲ್ಲಿ ನುಡಿಸಿದ್ದೂ ಹಸನಸಾಬರ ಬ್ಯಾಂಡೇ. ಆಗ ಮೆಹಬೂಬ ಸತ್ತಿದ್ದ, ಬೀಬಿಮ್ಮ ಬದುಕಿದ್ದಳು. ಕಳಿಸಿಕೊಡುವಾಗಿನ ರಾಗ ನೆನಪಿದೆಯೇ ಎಂದೆ. ಅವಳು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು.

"ರಾಗಾ ಎಲ್ಲಿ ನೆನಪಿರತೈತ್ರಿ. ಕೊನಿಗೆ ಯಾರೋ ಅವ್ವಾ ಅಂತ ಕರದ್ರು. ನಮ್ಮ ತಮ್ಮ ಅಂತ ತಿರುಗಿ ನೋಡಿದೆ. ಅವ ಬಾಯಿ ಮುಚ್ಚಿಗೊಂಡು ನಿಂತಿದ್ದ."

ಇಷ್ಟು ವರ್ಷ ನಾನು ಅದನ್ನು ಸ್ವರ ಎಂದುಕೊಂಡಿದ್ದೆ.