ಟೈಪಕ್ಕನ ಪಟ್ಟಿಯಲ್ಲಿ ಇಲ್ಲದ ವಕೀಲಮ್ಮ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೌಟುಂಬಿಕ ನ್ಯಾಯಾಲಯದ ಎದುರಿನ ಕಟ್ಟಡದಲ್ಲಿ, ಮೆಟ್ಟಿಲ ಕೆಳಗಿನ ಇಕ್ಕಟ್ಟಿನಲ್ಲಿ, ಟೈಪಕ್ಕ ಪ್ರಿಂಟರಿನ ಬೆನ್ನಿಗೆ ಎರಡೇಟು ಕೊಟ್ಟು ಅದನ್ನು ಎಬ್ಬಿಸುತ್ತಿದ್ದಾರೆ. ಹಾಳೆ ಜೋಡಿಸುವಷ್ಟರಲ್ಲೇ ಮೊದಲ ಗಿರಾಕಿ ಹಾಜರು. ಪ್ರಶ್ನೆ ಮಾತ್ರ ನಿನ್ನೆಯದೇ: ಡೈವೋರ್ಸಿಗೆ ಒಳ್ಳೆ ವಕೀಲರು ಯಾರು?

ದಿನಕ್ಕೆ ಹದಿನೈದು ಅರ್ಜಿ ಟೈಪ್ ಮಾಡಿದರೆ ಈ ಪ್ರಶ್ನೆಗೆ ಮೂವತ್ತು ಸಲ ಉತ್ತರ ಹೇಳಬೇಕು. ಇಪ್ಪತ್ತೆಂಟು ವರ್ಷದಿಂದ ಹೇಳಿ ಹೇಳಿ ಅವರಿಗೆ ತಲೆ ಚಿಟ್ಟು ಹಿಡಿದಿದೆ. "ಜೋರಾಗಿ ಕೂಗಾಡೋ ವಕೀಲರೇ ಬೇಕಂತೆ. ಕೂಗಾಡೋಕೆ ಇವರಿಬ್ಬರೇ ಸಾಲದಾ? ಮಗು ಯಾವ ಕ್ಲಾಸು ಅಂತ ಕೇಳಿದ್ರೆ ಒಬ್ಬೊಬ್ಬರು ಮೇಲೆ ನೋಡ್ತಾರೆ."

ಅವರೂ ಇಲ್ಲಿಗೆ ಬಂದದ್ದು ಗಿರಾಕಿಯಾಗಿಯೇ. ಗಂಡ ಬಿಟ್ಟು ಹೋದಾಗ ಅರ್ಜಿ ಟೈಪ್ ಮಾಡಿಸಲು ಬಂದು, ಆಗಿದ್ದ ಟೈಪಿಸ್ಟನ ತಪ್ಪುಗಳನ್ನು ತಿದ್ದತೊಡಗಿದರು. ರೇಗಿದ ಆತ, ಅಷ್ಟು ಗೊತ್ತಿದ್ದರೆ ನೀವೇ ಕೂತು ಹೊಡೆಯಿರಿ ಎಂದ. ಕೂತವರು ಮತ್ತೆ ಏಳಲಿಲ್ಲ.

ಕಳೆದ ತಿಂಗಳು ಮಾತ್ರ ಟೈಪಕ್ಕನೇ ಎಡವಿದರು. ಬೆಣ್ಣೆಯಂಥ ಮಾತಿನ ಒಬ್ಬಾತ ಬಂದು, ಮಕ್ಕಳ ವಿಷಯ ಬಲ್ಲ ವಕೀಲರು ಯಾರ್ಯಾರು ಎಂದು ಬಿಡದೆ ಪೀಡಿಸಿದ. ತೊಲಗಿದರೆ ಸಾಕೆಂದು ತಮಗೆ ನಂಬಿಕೆಯಿದ್ದ ಏಳೂ ಹೆಸರನ್ನು ಬರೆದುಕೊಟ್ಟರು.

ಎರಡು ವಾರದ ಮೇಲೆ ಒಂದು ಮಧ್ಯಾಹ್ನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಬಂದಳು. ಆರು ವರ್ಷದ ಮಗಳು ಕೇಸು ಮುಗಿಯುವ ತನಕ ಯಾರ ಬಳಿ ಇರಬೇಕೆಂಬುದು ಮರುದಿನ ಹನ್ನೊಂದಕ್ಕೆ ತೀರ್ಮಾನ. ಏಳು ವಕೀಲರ ಬಾಗಿಲು ತಟ್ಟಿದ್ದಳು. ಎಲ್ಲರೂ ಕಾರಣ ಹೇಳದೆ ಆಗುವುದಿಲ್ಲ ಎಂದಿದ್ದರು. ತನ್ನ ಕಡೆಯೇ ತಪ್ಪಿರಬೇಕು, ಮಗಳನ್ನು ಬಿಟ್ಟುಕೊಡುತ್ತೇನೆಂದು ಟೈಪ್ ಮಾಡಿಕೊಡಿ ಎಂದಳು. ಅವಳು ತೋರಿಸಿದ ಮಗಳ ಫೋಟೋದಲ್ಲಿ, ಮಗುವಿನ ಪಕ್ಕ ನಿಂತಿದ್ದ ಅವಳ ಗಂಡ ಅದೇ ಬೆಣ್ಣೆ ಮಾತಿನವನು.

ಟೈಪಕ್ಕ ಆ ಏಳು ವಕೀಲರ ಹೆಸರು ಕೇಳಿದರು; ಎಲ್ಲವೂ ತಾವು ಬರೆದುಕೊಟ್ಟವೇ. ಆಗ ಆಟ ತಿಳಿಯಿತು. ಆತ ಏಳರಲ್ಲಿ ಒಬ್ಬರನ್ನು ಗೊತ್ತುಮಾಡಿಕೊಂಡು, ಉಳಿದ ಆರು ಜನರಿಗೂ ಬೇಕೆಂದೇ ತನ್ನ ಕಥೆ ಹೇಳಿಬಂದಿದ್ದ. ಗಂಡನ ಗುಟ್ಟು ಕೇಳಿದ ವಕೀಲರು ಹೆಂಡತಿಯ ಪರ ನಿಲ್ಲುವಂತಿಲ್ಲ, ಯಾಕೆಂದು ಹೇಳುವಂತೆಯೂ ಇಲ್ಲ. "ದಾರಿ ಮುಚ್ಚಿದ್ದು ಅವನು. ಕಲ್ಲು ಎತ್ತಿಕೊಟ್ಟವಳು ನಾನು."

ಉಳಿದದ್ದು ಒಂದೇ ಹೆಸರು, ಹಿಂದಿನ ಬೀದಿಯ ವಕೀಲಮ್ಮ. ಮೊಸರಲ್ಲಿ ಕಲ್ಲು ಹುಡುಕುವ ಜಾತಿ. ಒಂದು ಅಲ್ಪವಿರಾಮಕ್ಕೆ ಇಡೀ ಪುಟ ವಾಪಸ್ಸು ಕಳಿಸಿದ್ದಕ್ಕೆ ಟೈಪಕ್ಕ ನಾಲ್ಕು ವರ್ಷದಿಂದ ಮಾತು ಬಿಟ್ಟಿದ್ದರು, ಹೆಸರನ್ನೂ ಯಾರಿಗೂ ಹೇಳುತ್ತಿರಲಿಲ್ಲ. ಅಂದು ಅಂಗಡಿ ಮುಚ್ಚಿ, ಆ ಹೆಂಗಸಿನ ಕೈ ಹಿಡಿದು, ವಕೀಲಮ್ಮನ ಆಫೀಸಿನ ಎರಡು ಮಹಡಿ ಹತ್ತಿದರು.

ವಕೀಲಮ್ಮ ಹಳೆಯದನ್ನು ಎತ್ತಲಿಲ್ಲ. ಮಗುವನ್ನು ಬೆಳಿಗ್ಗೆ ಎಬ್ಬಿಸುವವರು ಯಾರು, ಜ್ವರ ಬಂದಾಗ ಕೆಲಸಕ್ಕೆ ರಜೆ ಹಾಕಿದವರು ಯಾರು ಎಂದು ಒಂದೊಂದಾಗಿ ಕೇಳಿ ಬರೆಸಿದರು. ಟೈಪಾದ ಹಾಳೆಗಳನ್ನು ಮೂರು ಸಲ ತಿದ್ದಿ ವಾಪಸ್ಸು ಕೊಟ್ಟರು. ಟೈಪಕ್ಕ ಹಲ್ಲು ಕಚ್ಚಿಕೊಂಡು ಮೂರು ಸಲವೂ ಹೊಡೆದುಕೊಟ್ಟರು. ಮರುದಿನ ನ್ಯಾಯಾಧೀಶರು ಆ ಹಾಳೆಗಳನ್ನು ಓದಿ, ಸದ್ಯಕ್ಕೆ ಮಗಳು ತಾಯಿಯ ಜೊತೆಗಿರಲಿ ಎಂದರು. ಕೇಸು ಇನ್ನೂ ನಡೆಯುತ್ತಿದೆ.

ಈಗ ಯಾರೇ ವಕೀಲರನ್ನು ಕೇಳಿದರೂ ಟೈಪಕ್ಕ ಒಬ್ಬರಿಗೆ ಒಂದೇ ಹೆಸರು ಹೇಳುತ್ತಾರೆ, ಎರಡನೆಯದಕ್ಕೆ ಬಾಯಿಬಿಡುವುದಿಲ್ಲ. ಕೆಲವು ಸಲ ಆ ಒಂದು ಹೆಸರು ವಕೀಲಮ್ಮನದೇ. ವಕೀಲಮ್ಮನ ಜೊತೆ ರಾಜಿಯಾಯಿತೇ ಎಂದರೆ ಮುಖ ಗಂಟಿಕ್ಕುತ್ತಾರೆ.

"ರಾಜಿ ಎಲ್ಲಿಂದ ಬಂತು? ಆ ಅಲ್ಪವಿರಾಮ ನಾನು ಹಾಕಿದ್ದೇ ಸರಿ. ಆದ್ರೆ ಒಂದು ಮಗು ರಾತ್ರಿ ಯಾರ ಮನೇಲಿ ಮಲಗಬೇಕು ಅನ್ನೋದು ನನ್ನ ಸಿಟ್ಟು ನೋಡಿ ತೀರ್ಮಾನ ಆಗಬಾರದು. ಅಷ್ಟೇ."