ಬೀಗರು ಹಾಕಿದ ಮಣೆ

ನಮ್ಮ ಬೀಗರು ಬಟ್ಟಬಯಲಿನಲ್ಲಿ ನಡೆದರೂ ತಲೆ ಬಗ್ಗಿಸಿಯೇ ನಡೆಯುತ್ತಿದ್ದರು, ನೆತ್ತಿಯ ಮೇಲೆ ದ್ರಾಕ್ಷಿ ಚಪ್ಪರ ಇದೆಯೇನೋ ಅನ್ನುವ ಹಾಗೆ. ತುಂಬಾ ಎತ್ತರದ ಆಳು. ಪೆರೇಸಂದ್ರದಲ್ಲಿ ಅವರ ದ್ರಾಕ್ಷಿ ತೋಟ. ಚಪ್ಪರ ಅವರ ಹೆಗಲ ಮಟ್ಟಕ್ಕೆ. ವಯಸ್ಸಿನ ಹುಡುಗನಾಗಿದ್ದಾಗಿನಿಂದ ಅದರ ಕೆಳಗೇ ಬಗ್ಗಿ ಬಗ್ಗಿ ಗೊನೆ ಬಿಡಿಸಿ, ಕತ್ತು ಹಾಗೇ ಕೂತುಬಿಟ್ಟಿತ್ತು. ಮೊಣಕಾಲು ಎರಡೂ ಸವೆದಿದ್ದವು. ಬಸ್ಸಿನಲ್ಲಿ ಕೂತರೆ ಮೊಣಕಾಲು ಬಂದು ಎದೆಗೇ ತಾಕುತ್ತಿತ್ತು.

ನಾನೋ ಗಿಡ್ಡಿ. ಅವರ ಮೊಣಕೈ ಹತ್ತಿರಕ್ಕೆ ಬರುತ್ತೇನೆ, ಅಷ್ಟೆ. ನಾವಿಬ್ಬರೂ ಜೊತೆಗೆ ನಿಂತರೆ ಮೊಮ್ಮಗಳು ನಗುತ್ತಾಳೆ. ನಗುತ್ತಿದ್ದಳು ಅನ್ನಬೇಕು. ಅವರಿಲ್ಲದ್ದು ಇನ್ನೂ ರೂಢಿಯಾಗಿಲ್ಲ.

ಬೀಗರು ಅಂದರೆ ನನ್ನ ಮಗಳ ಮಾವ. ನನ್ನ ಮೊಮ್ಮಗಳಿಗೆ ಅಪ್ಪನ ಅಪ್ಪ. ನಾನು ಓದಿದ್ದು ನಾಲ್ಕನೇ ಕ್ಲಾಸು, ಬರೆಯುವುದು ನಿಧಾನ. ಆದರೂ ಇವತ್ತು ಬರೆಯಲೇಬೇಕು ಅನ್ನಿಸಿದೆ. ಯಾಕೆಂದರೆ ನಮ್ಮ ಮನೆಗೆ ಮರಿಮೊಮ್ಮಗಳು ಬಂದಿದ್ದಾಳೆ. ಬೀದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುವಷ್ಟು ಸಂತೋಷ, ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಮೊದಲು ಹೇಳಬೇಕಾಗಿದ್ದವರಿಗೇ ಹೇಳೋಕೆ ಆಗಲಿಲ್ಲ.

ನನ್ನ ಗಂಡ ತೀರಿಕೊಂಡಾಗ ಮಗಳು ಇನ್ನೂ ಲಂಗ ಹಾಕುತ್ತಿದ್ದಳು. ಮೇಲೂರಿನಲ್ಲಿ ರೇಷ್ಮೆ ನೂಲು ಬಿಚ್ಚಿ ಸಾಕಿದೆ. ಅವಳ ಮದುವೆ ನಡೆದಿದ್ದು ಪೆರೇಸಂದ್ರದಲ್ಲಿ, ಗಂಡಿನ ಮನೆ ಮುಂದಿನ ಚಪ್ಪರದಲ್ಲಿ. ಧಾರೆಯ ಹೊತ್ತಿಗೆ ನಾನು ಅಡಿಗೆಯವರ ಹಿಂದೆ, ಹಂಡೆಯ ಮರೆಯಲ್ಲಿ ನಿಂತಿದ್ದೆ. ಗಂಡನಿಲ್ಲದವಳು ಮುಂದೆ ಬರಬಾರದಲ್ಲ. ಧಾರೆ ಎರೆಯುವುದಕ್ಕೆ ಮೈದುನ, ಓರಗಿತ್ತಿ ಕೂತಿದ್ದರು.

ಬೀಗರು ಚಪ್ಪರದ ಉದ್ದಕ್ಕೂ ತಲೆ ಬಗ್ಗಿಸಿಕೊಂಡು ಬಂದರು. ಕೈಯಲ್ಲೊಂದು ಹಲಸಿನ ಮಣೆ.

"ಬೀಗ್ತಿ ಎಲ್ಲಿ?" ಅಂದರು.

ಅವರ ಕಡೆಯ ಹೆಂಗಸೊಬ್ಬಳು, "ಅಯ್ಯೋ, ಅವ್ರು ಬರಂಗಿಲ್ಲ ಬಿಡಣ್ಣ," ಅಂದಳು.

"ಹೆತ್ತೋಳು ಹಂಡೆ ಹಿಂದೆ ನಿಂತ್ಕಂಡ್ರೆ ಈ ಮದ್ವೆ ಯಾರ್ದಮ್ಮ, ಅಡಿಗೆಯೋರ್ದಾ?"

ಅಷ್ಟು ಅಂದು ಧಾರೆಯ ಪಕ್ಕದಲ್ಲೇ ಮಣೆ ಹಾಕಿದರು. "ಬನ್ನಿ, ಕೂತ್ಕಳಿ," ಅಂದರು. ಗಂಡಿನ ಅಪ್ಪ, ಹೆಣ್ಣಿನ ಅಮ್ಮನಿಗೆ ಬಗ್ಗಿ ಮಣೆ ಹಾಕಿದ್ದು. ನಾನು ಕೂತೆ. ನನ್ನ ಮಗಳ ಧಾರೆಯನ್ನು ಕಣ್ಣಾರೆ ನೋಡಿದೆ. ಆ ಮಣೆಯ ಒಂದು ಮೂಲೆ ಸುಟ್ಟು ಕಪ್ಪಗಾಗಿತ್ತು, ಯಾವ ಕಾಲದಲ್ಲೋ ದೀಪ ಬಿದ್ದು. ಕೂತಷ್ಟು ಹೊತ್ತೂ ಆ ಕಪ್ಪನ್ನೇ ಬೆರಳಲ್ಲಿ ಸವರುತ್ತಿದ್ದೆ. ಬೆರಳು ನಿಲ್ಲಿಸಿದರೆ ಅಳು ಬರುತ್ತಿತ್ತು.

ಆ ಮದುವೆಗೆ ಹುಟ್ಟಿದವಳೇ ನನ್ನ ಮೊಮ್ಮಗಳು. ಈಗ ಗೌರಿಬಿದನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಗಂಡನ ಜೊತೆ ಮನೆ ಮಾಡಿರುವುದು ಚಿಕ್ಕಬಳ್ಳಾಪುರದಲ್ಲಿ. ದಿನಾ ಹೋಗಿಬರಬೇಕು. ಹೋದ ವರ್ಷ ಕಾರು ತಗೋತೀನಿ ಅಂದಳು. ಹೊಸದಲ್ಲ, ಯಾರೋ ಓಡಿಸಿದ್ದು, ಆದರೆ ದೊಡ್ಡದು, ಒಳ್ಳೆಯದು. "ಮೊದಲ ಸವಾರಿ ಕೈವಾರಕ್ಕೆ. ತಾತನೂ ಅಜ್ಜಿಯೂ ಇಬ್ರೂ ಕೂತಿರಬೇಕು," ಅಂತ ಹರಕೆ ಹೊತ್ತಿದ್ದಳು. ನಾವು ಮುದುಕರು ಹಿಗ್ಗಿ ಹೀರೇಕಾಯಿಯಾದೆವು.

ಕಾರು ನೋಡುವುದಕ್ಕೆ ಚಿಕ್ಕಬಳ್ಳಾಪುರದ ಹೆದ್ದಾರಿ ಪಕ್ಕದ ಒಂದು ಶೆಡ್ಡಿಗೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಎರಡು ಕಾರು ಆರಿಸಿಟ್ಟಿದ್ದಳು. ಒಂದು ಉದ್ದನೆಯ ಕರಿ ಸೆಡಾನು. ಶ್ರೀಮಂತರದ್ದು. ಒಳಗೆ ಕೂತರೆ ದೇವರ ಮನೆಯಷ್ಟು ನಿಶ್ಶಬ್ದ. ಇನ್ನೊಂದು ಬಿಳಿ ಬಣ್ಣದ ಎತ್ತರದ ಎಸ್‌ಯುವಿ. ಬೆಲೆ ಹೆಚ್ಚೂ ಕಡಿಮೆ ಒಂದೇ ಅಂದರು.

"ತಾತಾ, ಫಸ್ಟು ಇದ್ರಲ್ಲಿ ಕೂತ್ ನೋಡು."

ಬೀಗರು ಕರಿ ಕಾರಿನೊಳಗೆ ಇಳಿದರು. ಹೌದು, ಇಳಿದರು ಅಂತಲೇ ಹೇಳಬೇಕು, ಬಾವಿಗೆ ಇಳಿದ ಹಾಗೆ. ತಲೆ ಮೇಲಕ್ಕೆ ತಾಕಿ, ಕತ್ತು ದ್ರಾಕ್ಷಿ ಚಪ್ಪರದಡಿ ಬಗ್ಗಿದ ಹಾಗೆ ಬಗ್ಗಿತು. ಆಚೆ ಬರಬೇಕಾದರೆ ಮೊಣಕಾಲು ಏಳುತ್ತಿಲ್ಲ. ಮೊಮ್ಮಗಳು ಒಂದು ಕೈ, ಕಾರು ಮಾರುವವನು ಒಂದು ಕೈ ಹಿಡಿದು ಎಳೆದರು.

"ಹೆಂಗಿದೆ ತಾತ?"

"ಪರ್ವಾಲೇದು ತಲ್ಲಿ, ಬಾಗುಂದಿ," ಅಂದರು, ಪರವಾಗಿಲ್ಲ ತಾಯಿ, ಚೆನ್ನಾಗಿದೆ ಅಂತ. ಹಿಗ್ಗಿದಾಗಲೂ ನೊಂದಾಗಲೂ ಅವರ ಬಾಯಿಗೆ ತೆಲುಗೇ ಬರುತ್ತಿತ್ತು. ಆವತ್ತು ನೊಂದು ಬಂದಿದ್ದು ಅಂತ ನನಗೆ ಗೊತ್ತಾಯಿತು, ಹಣೆಯ ಮೇಲೆ ಬೆವರಿತ್ತು.

ಬಿಳಿ ಕಾರಿನಲ್ಲಿ ಮಾತ್ರ ಅವರು ಕುರ್ಚಿಯಲ್ಲಿ ಕೂತ ಹಾಗೆ ಕೂತರು. ತಲೆ ತಾಕಲಿಲ್ಲ. ಆಮೇಲೆ ನನ್ನ ಸರದಿ. ಒಂದು ಕಾಲು ಹೇಗೋ ಮೇಲೆ ಇಟ್ಟೆ, ಇನ್ನೊಂದು ನೆಲದಲ್ಲೇ ಉಳಿಯಿತು. ಸೀರೆ ಸಿಕ್ಕಿಕೊಂಡಿತು. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಕಾರು ಮಾರುವವನು ಮುಖ ಆ ಕಡೆ ತಿರುಗಿಸಿ ನಕ್ಕ. ನಾನು ಕಾಲು ಇಳಿಸಿಬಿಟ್ಟೆ.

"ಎತ್ತರದ್ದೇ ತಗೊಳಮ್ಮ, ತಾತಂಗೆ ಸರಿಹೋಗ್ತದೆ. ನಾನು ಬಸ್ಸಲ್ಲಿ ಬತ್ತೀನಿ ಕೈವಾರಕ್ಕೆ," ಅಂದೆ.

"ಕರೀದು ತಗೊಳಮ್ಮಣ್ಣಿ," ಅಂದರು ಬೀಗರು. "ಅಜ್ಜಿಗೆ ಅದೇ ಚೆಂದ. ನಂದೇನು, ಮಡಿಸ್ಕಂಡು ಕೂತ್ಕತೀನಿ. ಜೀವಮಾನ ಪೂರ್ತಿ ಮಡಿಸ್ಕಂಡೇ ಇದೀನಲ್ಲ."

"ಮಡಿಸಿದ್ರೆ ಬಿಚ್ಚೋರ್ಯಾರು, ಬೀಗ್ರೇ?"

"ನೀವೇ ಬಿಚ್ಚಿ. ನೂಲು ಬಿಚ್ಚಿದ ಕೈ ಅಲ್ವಾ!"

ಮೊಮ್ಮಗಳಿಗೆ ಸಿಟ್ಟು ಬಂತು. "ದಿನಾ ಓಡಿಸೋಳು ನಾನು, ಜಗಳ ನಿಮ್ಮಿಬ್ರದಾ? ಒಂದು ಕಾರಲ್ಲಿ ಅಜ್ಜಿ ಹತ್ತಲ್ಲ, ಇನ್ನೊಂದ್ರಲ್ಲಿ ತಾತ ಏಳಲ್ಲ. ಎರಡೂ ಬೇಡ, ನಡೀರಿ ಮನೆಗೆ!" ಅಂದಳು. ಕಣ್ಣಲ್ಲಿ ನೀರಿತ್ತು. ಕಾರಿನ ಆಸೆಗಲ್ಲ, ಹರಕೆ ಮುರಿಯುತ್ತಲ್ಲ ಅಂತ.

ಬೀಗರು ಬಿಳಿ ಕಾರಿನ ಬಾಗಿಲ ಹತ್ತಿರ ಹೋಗಿ ನೆಲಕ್ಕೂ ಕಾರಿಗೂ ನಡುವೆ ಗೇಣು ಹಾಕಿ ನೋಡಿದರು. ಆಮೇಲೆ ಮೊಮ್ಮಗಳಿಗೆ ಹೇಳಿದರು: "ಕಾರು ಆಮೇಲೆ ನೋಡು. ಮೊದ್ಲು ಕೂರೋರನ್ನ ನೋಡ್ಬೇಕು. ಇದನ್ನ ಯಾರಿಗೂ ಕೊಡಬೇಡಿ ಅಂತ ಹೇಳಿಟ್ಟಿರು."

ಮಾರನೆಯ ದಿನ ಮೇಲೂರಿಗೆ ಬಂದರು, ಆ ಮೊಣಕಾಲಿನಲ್ಲಿ, ಎರಡು ಬಸ್ಸು ಹತ್ತಿ. ಕಾಫಿ ಕುಡಿದು, ನನ್ನ ಹತ್ತಿರವೇ ರೇಷ್ಮೆ ದಾರ ಕೇಳಿ ಇಸಿದುಕೊಂಡು, ನಮ್ಮ ಮನೆಯ ಮೆಟ್ಟಿಲನ್ನು ಅಳೆದರು.

"ಏನ್ ಬೀಗ್ರೇ, ನಮ್ಮನೆ ಅಳತೆ ತಗೊಂಡು ಮಾರಿಬಿಡೋಕಾ?"

"ಮಾರೋದಾದ್ರೆ ನಿಮ್ಮನ್ನೇ ಮಾರ್ತಿದ್ದೆ. ಕೊಳ್ಳೋರು ಸಿಗಬೇಕಲ್ಲ," ಅಂದು ದಾರಕ್ಕೆ ಗಂಟು ಹಾಕಿ ಜೇಬಿಗಿಟ್ಟುಕೊಂಡು ಹೊರಟರು.

ಬಿಳಿ ಕಾರೇ ಬಂತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು. ನಮ್ಮ ಬೀದಿಯವರೆಲ್ಲ ಆಚೆ ಬಂದು ನಿಂತಿದ್ದರು. ಬೀಗರು ಮುಂದಿನ ಸೀಟಿನಿಂದ ನಿಧಾನವಾಗಿ ಇಳಿದರು. ಕೈಯಲ್ಲಿ ಮಣೆ. ಕೆಳಗೆ ನಾಲ್ಕು ಗಟ್ಟಿ ಕಾಲು ಹೊಡೆಸಿದ್ದರು, ನಮ್ಮ ಮೆಟ್ಟಿಲಿನಷ್ಟೇ ಎತ್ತರ. ಒಂದು ಮೂಲೆ ಸುಟ್ಟು ಕಪ್ಪಗಿತ್ತು.

ಸವೆದ ಮೊಣಕಾಲಿನ ಮೇಲೆ ಒಂದು ಕೈ ಊರಿ, ಬಗ್ಗಿ, ನನ್ನ ಕಾಲ ಮುಂದೆ ಇಟ್ಟರು.

"ಅಯ್ಯೋ, ಧಾರೆಗೆ ಕೂತ ಮಣೆ ಬೀಗ್ರೇ! ಕಾಲು ಇಡೋದಾ?"

"ಆವತ್ತು ಕೂತೋರೂ ನೀವೇ, ಇವತ್ತು ಹತ್ತೋರೂ ನೀವೇ. ಮಣೆಗಿಲ್ಲದ ಮಡಿ ನಿಮಗ್ಯಾಕೆ? ಇಡಿ ಕಾಲು!"

ಇಟ್ಟೆ. ಹತ್ತಿದೆ. ಅವರ ಹಿಂದಿನ ಸೀಟಿನಲ್ಲಿ ಕೂತೆ. ಮೊಮ್ಮಗಳು ಅವರ ಸೀಟನ್ನು ಎಷ್ಟು ಹಿಂದಕ್ಕೆ ಬರುತ್ತದೋ ಅಷ್ಟೂ ತಳ್ಳಿದ್ದಳು, ಆ ಉದ್ದನೆಯ ಕಾಲಿಗೆ. ಬೇರೆ ಯಾರಾದರೂ ಹಿಂದೆ ಕೂತಿದ್ದರೆ ಇಕ್ಕಟ್ಟಾಗುತ್ತಿತ್ತು.

"ಕಾಲಿಗೆ ಜಾಗ ಇದ್ಯಾ ಬೀಗ್ತಿ?"

"ಇದೆ. ನನ್ ಕಾಲು ಅಲ್ಲಿ ತನಕ ಬರೋದೇ ಇಲ್ವಲ್ಲ."

"ದೇವ್ರು ಅಳತೆ ನೋಡೇ ಬೀಗ್ರು ಮಾಡವ್ನೆ," ಅಂದರು.

ಚಿಂತಾಮಣಿ ರಸ್ತೆಯಲ್ಲಿ ಅವರು ಕಿಟಕಿಯ ಗಾಜು ಇಳಿಸಿದರು. ಆಮೇಲೆ, "ಅಮ್ಮಣ್ಣಿ, ಕೂತ್ಕಂಡೇ ಆಕಾಶ ಕಾಣ್ತದಲ್ಲೇ," ಅಂದರು. ಹಿಂದಿನಿಂದ ನೋಡಿದೆ. ಅವರ ಕತ್ತು ನೆಟ್ಟಗಿತ್ತು. ಅಷ್ಟು ವರ್ಷದ ಬೀಗತನದಲ್ಲಿ ಅವರ ಕತ್ತು ನೆಟ್ಟಗಿದ್ದುದನ್ನು ನಾನು ಕಂಡಿದ್ದು ಅದೇ ಮೊದಲು.

ಮೊಮ್ಮಗಳು ಬಸುರಿ ಅಂತ ತಿಳಿದಾಗ ಮೊದಲು ಫೋನು ಮಾಡಿದವರು ಅವರೇ. "ಬೀಗ್ತೀ, ಹುಟ್ಟೋದು ನಿಮ್ಮಂಗೆ ಗಿಡ್ಡ ಆದ್ರೆ ವಾಪಸ್ ಕಳಿಸ್ಬಿಡ್ತೀನಿ," ಅಂದಿದ್ದರು. ಸೀಮಂತಕ್ಕೆ ದಿನ ನೋಡುವ ಮುಂಚೆಯೇ ಒಂದು ಬೆಳಿಗ್ಗೆ, ಕಾಫಿ ಲೋಟ ಕೆಳಗಿಟ್ಟು, ಗೋಡೆಗೆ ಒರಗಿದವರು ಏಳಲಿಲ್ಲ. ಎದೆ ನಿಂತುಹೋಗಿತ್ತು.

ಮೊಮ್ಮಗಳ ಗಂಡ ಅದೇ ಕಾರಿನಲ್ಲಿ ನನ್ನನ್ನು ಕರೆದುಕೊಂಡು ಹೋದ. ಪೆರೇಸಂದ್ರದ ಮನೆ ಮುಂದೆ ಕಾರು ನಿಂತಿತು, ಬಾಗಿಲು ತೆರೆಯಿತು. ನಾನು ಇಳಿಯದೆ ಕೂತೇ ಇದ್ದೆ. ಯಾಕೆ ಅಂತ ನನಗೇ ಗೊತ್ತಿಲ್ಲ. ಮಣೆ ನೆಲಕ್ಕೆ ತಾಕುವ ಸದ್ದಿಗೆ ಕಿವಿ ಕಾದುಕೊಂಡಿತ್ತು. ಆಮೇಲೆ ಅಂಗಳ ಕಂಡಿತು. ಚಾಪೆಯ ಮೇಲೆ ಅವರನ್ನು ನೀಳವಾಗಿ ಮಲಗಿಸಿದ್ದರು. ಪಾದ ಚಾಪೆ ದಾಟಿ ನೆಲದ ಮೇಲಿದ್ದವು. ಎಷ್ಟು ಉದ್ದದ ಮನುಷ್ಯ ಅಂತ ಆವತ್ತು ಗೊತ್ತಾಯಿತು. ಅಷ್ಟು ಉದ್ದದ ಮನುಷ್ಯ ನನಗೋಸ್ಕರ ಎರಡು ಸಲ ನೆಲದವರೆಗೂ ಬಗ್ಗಿದ್ದರು.

ಈಗ ಮಗು ಹುಟ್ಟಿದೆ. ಹೆಣ್ಣು. ಆಸ್ಪತ್ರೆಯಲ್ಲಿ ನರ್ಸಮ್ಮ ಬಟ್ಟೆ ಬಿಚ್ಚಿ ತೋರಿಸಿ, "ಏನಜ್ಜಿ, ಇಷ್ಟುದ್ದ ಕಾಲು!" ಅಂದಳು. ನಾನು ನಕ್ಕೆ, ಅತ್ತೆ, ಮತ್ತೆ ನಕ್ಕೆ. ಆ ಪಾದಗಳನ್ನು ಹಿಡಿದು ಹಿಡಿದು ನೋಡಿದೆ. ಬೀಗ್ರೇ, ವಾಪಸ್ ಕಳಿಸೋ ಹಾಗಿಲ್ಲ, ನಿಮ್ಮದೇ ಅಳತೆ.

ಮನೆಗೆ ಹೊರಟ ದಿನ ಮೊಮ್ಮಗಳ ಗಂಡ ಗಾಡಿ ಬಾಗಿಲಿಗೆ ತಂದ. ಮೊಮ್ಮಗಳದ್ದು ಹಸಿ ಮೈ, ಕಾಲು ಎತ್ತಿದರೆ ಹೊಲಿಗೆ ಎಳೆಯುತ್ತದೆ. ಕೈಯಲ್ಲಿ ಕೂಸು. ನಾನು ಹಿಂದೆ ಹೋಗಿ ಡಿಕ್ಕಿಯಿಂದ ಮಣೆ ತೆಗೆದು, ಬಗ್ಗಿ, ಅವಳ ಕಾಲ ಮುಂದೆ ಇಟ್ಟೆ.

"ಅಜ್ಜೀ, ನೀನ್ಯಾಕೆ ಬಗ್ಗಿದ್ದು?" ಅಂತ ಗಾಬರಿಯಾದಳು.

"ಮೊದ್ಲು ಕೂರೋರನ್ನ ನೋಡ್ಬೇಕು ಕಣಮ್ಮ. ಹತ್ತು."

ಅವಳು ತುಟಿ ಕಚ್ಚಿಕೊಂಡು ಹತ್ತಿದಳು. ನಾನೂ ಹತ್ತಿ ನನ್ನ ಜಾಗದಲ್ಲಿ ಕೂತೆ, ಕೂಸನ್ನು ಮಡಿಲಿಗೆ ಹಾಕಿಸಿಕೊಂಡೆ. ಮೊಮ್ಮಗಳ ಗಂಡ ಹಿಂದಕ್ಕೆ ತಿರುಗಿ, "ಈ ತಾತನ ಸೀಟನ್ನ ಸ್ವಲ್ಪ ಮುಂದಕ್ಕೆ ಎಳೀಲಾ ಅಜ್ಜಿ? ನಿಮಗೆ ಜಾಗ ಆಗ್ತದೆ," ಅಂದ.

ಬೇಡ, ಹಾಗೇ ಇರಲಿ ಅಂದೆ. ನಾಳೆ ಇವಳ ಕಾಲಿಗೆ ಬೇಕಾಗುತ್ತದೆ.